ಎಸ್ತರಳ ಹಾಡಿಗೆ ತಕ್ಕ ಕಾಗದ

ಏಪ್ರಿಲ್ 23, ಮಂಗಳವಾರ

ಈಸ್ಟರ್ ರಜೆ ಮುಗಿಸಿ ಮಗಳು ದೋರ್ತೆ ಕೋಪನ್‌ಹೇಗನ್ನಿಗೆ ಹೊರಟಳು. ಹೊರಡುವ ಮುನ್ನ ಕಾರಿನಿಂದ ಒಂದು ಬಿಳಿ ಪೆಟ್ಟಿಗೆ ಇಳಿಸಿ ನನ್ನ ಕೆಲಸದ ಕೋಣೆಯಲ್ಲಿಟ್ಟಳು. ಫೆಬ್ರವರಿಯವರೆಗೆ ನನ್ನ ಕೈಮುದ್ರಣ ಯಂತ್ರ ನಿಂತಿದ್ದ ಜಾಗದಲ್ಲೇ ಇಟ್ಟಳು. ಲೇಸರ್ ಪ್ರಿಂಟರ್ ಅಂತೆ. ಅವಳ ಕಚೇರಿಗೆ ಹೊಸದು ಬಂದು ಇದು ಬೇಡವಾಯಿತಂತೆ. ಬೇಡವಾದವೆಲ್ಲ ಒಂದೇ ಮನೆಯಲ್ಲಿರಲಿ ಎಂದುಕೊಂಡಿರಬೇಕು.

"ಇದರಲ್ಲಿ ಅಕ್ಷರ ಜೋಡಿಸೋ ಕೆಲಸ ಇಲ್ಲ ಅಪ್ಪಾ. ಗುಂಡಿ ಒತ್ತಿದ್ರೆ ಸಾಕು" ಅಂದಳು.

"ಗುಂಡಿ ಒತ್ತಿದ್ರೆ ಲಿಫ್ಟೂ ಬರುತ್ತೆ. ಅದನ್ನ ಮುದ್ರಣ ಅಂತ ಕರೀತಾರೇನಮ್ಮಾ?"

ಅವಳು ನಕ್ಕಳು. ಆಮೇಲೆ ನನ್ನ ಕೈಗಳ ಕಡೆ ನೋಡಿದಳು. ನಾನು ಅವನ್ನು ಜೇಬಿಗಿಳಿಸಿದೆ. ನಲವತ್ತು ವರ್ಷ ಫೋಬೋರ್ಗಿನ ಮುದ್ರಣಾಲಯದಲ್ಲಿ ದುಡಿದವು, ಆಮೇಲೆ ಹದಿನೈದು ವರ್ಷ ಮನೆಯಲ್ಲೇ ಊರವರ ಕರೆಯೋಲೆ ಅಚ್ಚುಹಾಕಿದವು. ಈಗ ಒಂದು ಕಪ್ ಕಾಫಿ ಚೆಲ್ಲದೆ ಎತ್ತಲಾರವು. ಅಪಾಯವಿಲ್ಲದ ನಡುಕ ಎನ್ನುತ್ತಾರೆ ಡಾಕ್ಟರು. ಅಪಾಯವಿಲ್ಲದಿರುವುದು ಅವರಿಗೆ.

ಪೆಟ್ಟಿಗೆಯ ಮೇಲೆ ಮೇಜುಬಟ್ಟೆ ಹೊದೆಸಿದ್ದೇನೆ. ಹೂವಿನ ಕುಂಡ ಇಡಲು ಎತ್ತರ ಸರಿಯಾಗಿದೆ.

ಏಪ್ರಿಲ್ 26, ಶುಕ್ರವಾರ

ಪಕ್ಕದ ಮನೆಯ ಎಸ್ತರ್ ಬಂದಳು. ಬಂದಳು ಎನ್ನುವುದಕ್ಕಿಂತ ನುಗ್ಗಿದಳು ಎನ್ನಬೇಕು. ಮೂವತ್ತು ವರ್ಷ ಫೆರ್ರಿ ಹಡಗಿನ ಅಡುಗೆಮನೆಯಲ್ಲಿದ್ದವಳು. ನಿವೃತ್ತಿಯಾದ ಮೇಲೂ ಎಂಜಿನ್ನಿನ ಸದ್ದನ್ನು ಮೀರಿಸಬೇಕೆಂಬಂತೆಯೇ ಮಾತಾಡುತ್ತಾಳೆ.

"ನಿನ್ನ ಹತ್ರ ಪ್ರಿಂಟರ್ ಬಂದಿದೆಯಂತೆ?"

"ಯಾರು ಹೇಳಿದ್ದು?"

"ಯಾರು ಹೇಳಬೇಕು? ದೋರ್ತೆ ಇಳಿಸೋವಾಗ ನಾನು ಕಿಟಕೀಲಿ ಇದ್ದೆ. ಎಲ್ಲಿಟ್ಟಿದೀಯ? ಅಯ್ಯೋ, ಹೂಕುಂಡದ ಕೆಳಗಾ!"

ವಿಷಯವಿಷ್ಟು. ಜೂನ್ 14ಕ್ಕೆ ಅವಳ ಅಣ್ಣ ಐನಾರ್ ಮತ್ತು ಗುಡ್ರುನ್ ಮದುವೆಯಾಗಿ ಐವತ್ತು ವರ್ಷ. ಎಸ್ತರ್ ಹಾಡು ಬರೆದಿದ್ದಾಳೆ, ಹನ್ನೊಂದು ಚರಣ. ಊಟದ ಮೇಜಿನಲ್ಲಿ ಪ್ರತಿಯೊಬ್ಬರ ತಟ್ಟೆಯ ಪಕ್ಕ ಹಾಡಿನ ಹಾಳೆ ಇರಬೇಕು. ಅರವತ್ತನಾಲ್ಕು ಜನ. ಅವಳ ಮನೆಯ ಇಂಕಿನ ಪ್ರಿಂಟರ್ ಹಸಿರು ಬಿಟ್ಟು ಬೇರೆ ಬಣ್ಣ ಉಗುಳುತ್ತಿಲ್ಲವಂತೆ.

ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಹಳೆಯ ಗಾಯ ಕೆದಕಿದಳು.

"ಐವತ್ತು ವರ್ಷದ ಹಿಂದೆ ನೀನು ಮಾಡಿದ್ದು ಜ್ಞಾಪಕ ಇದೆ ತಾನೇ?"

ಇಲ್ಲದೆ ಏನು. ಅವರ ಮದುವೆಯ ಹಾಡನ್ನು ಅಚ್ಚಿಗೆ ಜೋಡಿಸಿದವನು ಇಪ್ಪತ್ತೊಂದು ವರ್ಷದ ನಾನೇ. ‘ನಗುವ ವಧು’ ಎಂದಿರಬೇಕಾದದ್ದು ನನ್ನ ಕೈತಪ್ಪಿನಿಂದ ‘ನೆಗೆವ ವಧು’ ಆಯಿತು. ಛತ್ರದಲ್ಲಿದ್ದವರೆಲ್ಲ ಅಚ್ಚಾದದ್ದನ್ನೇ ಹಾಡಿದರು, ಮೂರು ಸಲ, ಪಲ್ಲವಿಯಾದ್ದರಿಂದ. ಗುಡ್ರುನ್ ಇಂದಿಗೂ ಬಂದರಿನ ಬೀದಿಯಲ್ಲಿ ನನ್ನನ್ನು ಕಂಡರೆ ಆಚೆ ಬದಿಯಿಂದಲೇ ಕೂಗುತ್ತಾಳೆ: "ಓರ್ಲಾ, ಇವತ್ತು ನಗ್ಲೋ ನೆಗೀಲೋ?"

"ಮಾಡಿಕೊಡ್ತೀನಿ" ಅಂದೆ. "ಆದರೆ ಕಾಗದ ನನ್ನದು. ಅಂಗಡಿಯ ತೆಳ್ಳನೆ ಹಾಳೆ ಮೇಲೆ ನನ್ನ ಮನೆಯಿಂದ ಏನೂ ಹೊರಗೆ ಹೋಗಲ್ಲ."

"ನಿನ್ನ ಕಾಗದ, ನಿನ್ನ ಜಂಬ, ಎರಡೂ ಇರಲಿ. ಹಾಡು ಮಾತ್ರ ನಾನು ಬರೆದ ಹಾಗೇ ಇರಲಿ" ಅಂದಳು. ಕಾಫಿ ಕೇಳಿದಳು. ಪುಡಿ ಮುಗಿದಿದೆ ಎಂದು ಸುಳ್ಳು ಹೇಳಿದೆ. ಅವಳೆದುರು ಕಪ್ ಎತ್ತಲು ಮನಸ್ಸಾಗಲಿಲ್ಲ.

ಮೇ 2, ಗುರುವಾರ

ಅಟ್ಟದಿಂದ ನನ್ನ ನಿಧಿ ಇಳಿಸಿದೆ. ಹತ್ತಿಯ ನಾರಿನ ಕಾಗದ. ಮೈಮೇಲೆ ಮರಳಿನಲ್ಲಿ ಅಲೆ ಬಿಟ್ಟುಹೋದಂಥ ಏರುತಗ್ಗು ಗೆರೆಗಳು. ಮುದ್ರಣಾಲಯ ಮುಚ್ಚಿದ ದಿನ ಸಂಬಳದ ಬದಲು ಇದನ್ನೇ ಕೇಳಿ ತಂದಿದ್ದೆ. ಇಂಥ ಕಾಗದವನ್ನು ಬೆರಳಲ್ಲಿ ಮುಟ್ಟಿದರೆ ಅದೂ ತಿರುಗಿ ಮುಟ್ಟಿದಂತಾಗುತ್ತದೆ.

ಎಸ್ತರ್ ಪೆನ್‌ಡ್ರೈವ್ ಸಿಕ್ಕಿಸಿದಳು. ನಾನು ಹಾಳೆ ಇಟ್ಟೆ. ಬಿಳಿ ಪೆಟ್ಟಿಗೆ ಒಮ್ಮೆ ಕೆಮ್ಮಿ, ಹಾಳೆಯನ್ನು ಅರ್ಧ ನುಂಗಿ, ಅಲ್ಲೇ ಜಗಿಯುತ್ತ ನಿಂತಿತು. ಎಳೆದು ತೆಗೆದಾಗ ನನ್ನ ನಿಧಿ ಅಕಾರ್ಡಿಯನ್ನಿನ ತಿದಿಯಂತೆ ನಿರಿಗೆಗಟ್ಟಿತ್ತು. ಎರಡನೆಯದೂ ಹಾಗೇ. ಮೂರನೆಯದು ಹೊರಬಂತು, ಆದರೆ ಸುರುಳಿ ಸುತ್ತಿಕೊಂಡು ಬಂತು. ಅಕ್ಷರಗಳು ಏರುಗಳ ಮೇಲೆ ಮಾತ್ರ ಕೂತು ತಗ್ಗುಗಳಲ್ಲಿ ಮಾಯವಾಗಿದ್ದವು.

"ಇದು ಹಾಡಾ, ಇಲಿ ತಿಂದ ಟಿಕೆಟ್ಟಾ?" ಅಂದಳು ಎಸ್ತರ್.

"ಇದು ಕಾಗದದ ತಪ್ಪಲ್ಲ. ಈ ಡಬ್ಬಕ್ಕೆ ರುಚಿ ಗೊತ್ತಿಲ್ಲ."

ಸೆಖೆಯಾಗಿ ಅವಳು ಅದೇ ಹಾಳೆಯಿಂದ ಗಾಳಿ ಹಾಕಿಕೊಂಡಳು, ಆಮೇಲೆ ಅದನ್ನೇ ಕೆನ್ನೆಗೊತ್ತಿ ಯೋಚಿಸುತ್ತ ಕೂತಳು. ಕೆಳಗಿಳಿಸಿದಾಗ ಕೆನ್ನೆಯ ಮೇಲೆ ಕಪ್ಪಗೆ ಅರ್ಧ ಸಾಲು ಮೂಡಿತ್ತು. ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಹಾಗೇ ಮೀನಿನ ಅಂಗಡಿಗೆ ಹೋದಳು.

ಮೇ 3

ಮೀನಿನ ಅಂಗಡಿಯಲ್ಲಿ ಯಾರೋ ಹೇಳಿದ್ದಾರೆ. ಎಸ್ತರ್ ಮಾತಾಡುತ್ತಿಲ್ಲ. ಊರು ತುಂಬಾ ಶಾಂತವಾಗಿದೆ.

ಮೇ 7, ಮಂಗಳವಾರ

ನಾಲ್ಕು ದಿನ ಶಾಂತಿ ಅನುಭವಿಸಿದೆ. ಅಷ್ಟು ಸಾಕಾಯಿತು. ಕಿಟಕಿಯಿಂದ ಕೂಗಿ ಕ್ಷಮೆ ಕೇಳಿದೆ. ಐದು ನಿಮಿಷದಲ್ಲಿ ಬಂದಳು, ಕೈಯಲ್ಲಿ ಹೊಳೆಯುವ ಕಾಗದದ ಪೊಟ್ಟಣ. ಅವಳ ಸತ್ತ ಪ್ರಿಂಟರಿನ ಆಸ್ತಿ, ಫೋಟೋ ಅಚ್ಚುಹಾಕುವಂಥದ್ದು.

"ಚಿನ್ನದ ಮದುವೆಗೆ ಹೊಳಪು ಬೇಡ್ವೇನೋ?"

ಹಾಳೆ ಒಳಗೆ ಹೋಯಿತು. ಎರಡು ಕ್ಷಣದಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ. ನಾನು ಗೋಡೆಯಿಂದ ತಂತಿಯನ್ನೇ ಕಿತ್ತೆ. ಎಸ್ತರ್ ಹೂಕುಂಡಕ್ಕೆ ಹಾಕುವ ನೀರು ಹಿಡಿದು ನಿಂತಿದ್ದಳು. "ಸುರೀಲಾ?" "ಬೇಡ, ದೇವರಾಣೆ ಬೇಡ!"

ದೋರ್ತೆಗೆ ಫೋನ್ ಮಾಡಿದೆ. ಅವಳು ಮೊದಲು ನಕ್ಕಳು, ಆಮೇಲೆ ಬೈದಳು. ಈ ಪ್ರಿಂಟರಿನಲ್ಲಿ ಇಂಕು ಇಲ್ಲವೇ ಇಲ್ಲವಂತೆ. ಕಪ್ಪು ಪುಡಿಯಂತೆ. ಪುಡಿಯನ್ನು ಅಕ್ಷರದ ಆಕಾರದಲ್ಲಿ ಹಾಳೆಯ ಮೇಲೆ ಕೂರಿಸಿ, ಕೆಂಡದಂಥ ಬಿಸಿ ಉರುಳೆಗಳ ನಡುವೆ ಹಾಯಿಸಿ ಕರಗಿಸಿ ಅಂಟಿಸುತ್ತದಂತೆ. ಹೊಳಪಿನ ಕಾಗದದ ಮೇಲಿನ ಲೇಪ ಆ ಬಿಸಿಗೆ ಕರಗಿ ಉರುಳೆಗೇ ಅಂಟಿಕೊಳ್ಳುತ್ತದೆ. "ಪುಣ್ಯಕ್ಕೆ ಬೇಗ ಆಫ್ ಮಾಡಿದ್ರಿ ಅಪ್ಪಾ. ಪೂರ್ತಿ ತಣ್ಣಗಾದ ಮೇಲೆ ಹಾಳೆ ಮೆಲ್ಲಗೆ ತೆಗೀರಿ. ಆಮೇಲೆ ಹತ್ತಿಪ್ಪತ್ತು ಖಾಲಿ ಹಾಳೆ ಓಡಿಸಿ."

ಹಾಗೇ ಮಾಡಿದೆ. ಬದುಕಿಕೊಂಡಿತು. ಬದುಕಿದ್ದಕ್ಕೆ ನನಗೇಕೆ ಅಷ್ಟು ಸಮಾಧಾನವಾಯಿತೋ ತಿಳಿಯದು.

ಪುಡಿ, ಬಿಸಿ, ಒತ್ತಡ. ಇದನ್ನು ಯಾರಾದರೂ ಮೊದಲೇ ಹೇಳಬಾರದಿತ್ತೇ? ಹಾಗಿದ್ದರೆ ನನ್ನ ಅಟ್ಟದ ಕಾಗದ ಏಕೆ ಸೋತಿತು ಎಂದು ಕಣ್ಮುಚ್ಚಿ ಹೇಳಬಲ್ಲೆ. ಸಮುದ್ರದ ಗಾಳಿಯ ತೇವ ಕುಡಿದ ಹಾಳೆ ಬಿಸಿ ತಗುಲಿದೊಡನೆ ಒಂದು ಮಗ್ಗುಲು ಬೇಗ ಒಣಗಿ ಸುರುಳಿಯಾಗುತ್ತದೆ. ಮೈ ಏರುತಗ್ಗಾಗಿದ್ದರೆ ಉರುಳೆ ತಗ್ಗನ್ನು ಮುಟ್ಟುವುದಿಲ್ಲ, ಪುಡಿ ಹಿಡಿಯುವುದಿಲ್ಲ. ಡಬ್ಬಕ್ಕೆ ರುಚಿಯಿದೆ. ನನ್ನ ರುಚಿಯಲ್ಲ, ಅಷ್ಟೆ.

ಮೇ 10, ಶುಕ್ರವಾರ

ಚೌಕದ ಕಾಗದದಂಗಡಿಗೆ ಹೋದೆ. ಚಳಿಗಾಲದಿಂದ ಅತ್ತ ಕಾಲಿಟ್ಟಿರಲಿಲ್ಲ. ಅಂಗಡಿಯ ಮಾಯ್‌ಬ್ರಿಟ್ "ಓರ್ಲಾ ಅವರೇ, ಬದುಕಿದೀರಾ!" ಎಂದು ಕೂಗಿದ್ದಕ್ಕೆ ಇಬ್ಬರು ಗಿರಾಕಿಗಳು ತಿರುಗಿ ಪರೀಕ್ಷಿಸಿದರು.

ಅವಳು ಮಾದರಿ ಹಾಳೆಗಳನ್ನು ಹರಡಿದಳು. ಮುಟ್ಟದೆ ಕಾಗದ ಆರಿಸುವುದು ಹೇಗೆ? ಕೈಗಳನ್ನು ಜೇಬಿನಿಂದ ತೆಗೆಯಲೇಬೇಕಾಯಿತು. ಮೊದಲನೆಯದು ಚದರ ಮೀಟರಿಗೆ ಎಂಬತ್ತು ಗ್ರಾಮಿನದು, ಕಚೇರಿಗಳಲ್ಲಿ ಬಳಸುವಂಥ ತೆಳು ಹಾಳೆ. ಎತ್ತಿದೊಡನೆ ನನ್ನ ಬೆರಳುಗಳಲ್ಲಿ ಹಾಯಿಯಂತೆ ಪಟಪಟ ಬಡಿಯಿತು. ಇಡೀ ಅಂಗಡಿಗೆ ಕೇಳಿಸಿತು.

"ಬಾಗಿಲು ಹಾಕ್ಲಾ? ಗಾಳಿ ಬರ್ತಿದೆ ಅನ್ಸುತ್ತೆ" ಅಂದಳು ಮಾಯ್‌ಬ್ರಿಟ್. ಒಳ್ಳೆಯ ಹೆಂಗಸು. ಗಾಳಿ ಇರಲಿಲ್ಲ.

"ಇದು ಗದ್ದಲದ ಕಾಗದ" ಅಂದೆ. "ದಪ್ಪದ್ದು ಕೊಡಿ. ಮೈ ನುಣ್ಣಗಿರಬೇಕು, ಆದರೆ ಹೊಳೆಯಬಾರದು. ಲೇಸರಿಗೆ ಆಗುತ್ತೆ ಅಂತ ಪೊಟ್ಟಣದ ಮೇಲೇ ಬರೆದಿರಬೇಕು."

ನೂರು, ನೂರಿಪ್ಪತ್ತು, ನೂರರವತ್ತು. ಒಂದೊಂದನ್ನೂ ಕಿವಿಯ ಹತ್ತಿರ ಅಲುಗಿಸಿ ಕೇಳಿದೆ. ಹಾಳೆ ದಪ್ಪವಾದಂತೆ ದನಿ ಇಳಿಯುತ್ತದೆ. ಅಲುಗಿಸಲು ನಾನು ಕಷ್ಟಪಡಬೇಕಾಗಿಲ್ಲ, ಕೈ ತಾನೇ ಆ ಕೆಲಸ ಮಾಡುತ್ತದೆ. ಹಿಂದೆ ನಿಂತಿದ್ದ ಗಿರಾಕಿ "ಏನು ಕೇಳಿಸ್ತಿದೆ?" ಎಂದು ಕೇಳಿದ. "ಐನಾರನ ಮದುವೆ" ಅಂದೆ. ಅವನು ಒಂದು ಹೆಜ್ಜೆ ಹಿಂದೆ ಸರಿದ.

ಐದು ಬಗೆ, ಹತ್ತತ್ತು ಹಾಳೆ ಕಟ್ಟಿಕೊಟ್ಟಳು.

ಮೇ 14, ಮಂಗಳವಾರ

ಇಂದು ಪರೀಕ್ಷೆಯ ದಿನ. ಎಸ್ತರ್ ದಾಲ್ಚಿನ್ನಿ ಬನ್ನು ತಂದು ಪರೀಕ್ಷಾಧಿಕಾರಿಯಂತೆ ಕೂತಳು.

ಮೊದಲು ಉಜ್ಜುವ ಪರೀಕ್ಷೆ. ಅಚ್ಚಾದ ಸಾಲಿನ ಮೇಲೆ ಹೆಬ್ಬೆರಳಿಟ್ಟೆ. ಅದು ತಾನಾಗಿಯೇ ಉಜ್ಜತೊಡಗಿತು, ಸೆಕೆಂಡಿಗೆ ಐದಾರು ಸಲ. ಇಬ್ಬರೂ ಅದನ್ನೇ ನೋಡುತ್ತ ಕೂತೆವು.

"ಓರ್ಲಾ" ಅಂದಳು ಎಸ್ತರ್ ಗಂಭೀರವಾಗಿ, "ಉಜ್ಜೋದಕ್ಕೆ ಇಂಥ ಕೈ ಇಡೀ ಡೆನ್ಮಾರ್ಕಲ್ಲಿ ಸಿಗಲ್ಲ ಕಣೋ. ನನ್ನ ತಾಮ್ರದ ಪಾತ್ರೆ ಒಂದಿಷ್ಟು ಇವೆ, ತರ್ಲಾ?"

ನನಗೆ ಸಿಟ್ಟು ಬರಬೇಕಿತ್ತು. ಬಾಯಲ್ಲಿದ್ದ ಬನ್ನು ಹೊರಬರುವಷ್ಟು ನಗು ಬಂತು. ಕಳೆದ ಸಲ ಹೀಗೆ ನಕ್ಕದ್ದು ಯಾವಾಗಲೋ ನೆನಪಿಲ್ಲ. ದೋರ್ತೆಯ ಅಮ್ಮ ಓರ್ಹುಸಿನ ದಂತವೈದ್ಯನ ಜೊತೆ ಹೊರಟುಹೋಗುವ ಮೊದಲಿರಬೇಕು.

ಉಜ್ಜಿದಾಗ ಒಂದು ಕಾಗದ ಸೋತಿತು, ನಾಲ್ಕು ಗೆದ್ದವು. ಮುಂದೆ ಮಡಿಸುವ ಪರೀಕ್ಷೆ. ಹಾಡು ಪುಸ್ತಕದಂತೆ ನಡುವೆ ಮಡಿಸಬೇಕಾದ್ದು. ಕಾಗದಕ್ಕೂ ಮರದ ಹಾಗೆ ನಾರಿನ ದಿಕ್ಕಿರುತ್ತದೆ ಎಂದು ಎಸ್ತರಳಿಗೆ ತೋರಿಸಿದೆ. ಒಂದು ಚೂರಿನ ಒಂದು ಮಗ್ಗುಲಿಗೆ ನೀರು ಸವರಿದರೆ ಅದು ನಾರಿನ ಉದ್ದಕ್ಕೆ ಕೊಳವೆಯಾಗಿ ಸುತ್ತಿಕೊಳ್ಳುತ್ತದೆ. ಆ ದಿಕ್ಕಿಗೇ ಮಡಿಸಿದರೆ ಮಡಿಕೆ ಗೆರೆ ಎಳೆದಂತೆ ಬರುತ್ತದೆ. ಅಡ್ಡ ಮಡಿಸಿದರೆ ಒಡೆದು, ಮೇಲಿನ ಕಪ್ಪೂ ಉದುರುತ್ತದೆ. ನೂರರವತ್ತು ಗ್ರಾಮಿನದು ಹಾಗೆ ಒಡೆಯಿತು.

"ಇಷ್ಟೆಲ್ಲ ಎಲ್ಲಿ ಕಲಿತೆ?"

"ಹದಿನಾರನೇ ವಯಸ್ಸಲ್ಲಿ. ಮೇಸ್ತ್ರಿ ಕಿವಿ ಹಿಂಡಿ ಕಲಿಸಿದ."

"ಅದಕ್ಕೇ ಒಂದು ಕಿವಿ ದೊಡ್ಡದು" ಅಂದಳು.

ಕನ್ನಡಿಯಲ್ಲಿ ನೋಡಿದೆ. ನಿಜವೇ ಇರಬಹುದು.

ಗೆದ್ದದ್ದು ನೂರಿಪ್ಪತ್ತು ಗ್ರಾಮಿನ ನುಣುಪು ಕಾಗದ, ಕೆನೆಬಣ್ಣದ್ದು. ಕೈಯಲ್ಲಿ ಹಿಡಿದರೆ ಪಟಪಟ ಎನ್ನುವುದಿಲ್ಲ. ಅದೊಂದೇ ಕಾರಣಕ್ಕೆ ಆರಿಸಿದ್ದಲ್ಲ.

ಕಾಫಿ ಕುಡಿದೆವು. ಸ್ವಲ್ಪ ಚೆಲ್ಲಿತು.

ಮೇ 21

ಕರಡು ತಿದ್ದಿದ್ದಾಯಿತು. ಓದಿ ತಿದ್ದಿದೆ, ಹಿಂದಿನಿಂದ ಮುಂದಕ್ಕೆ ಓದಿ ತಿದ್ದಿದೆ, ಎಸ್ತರಳಿಂದ ಹಾಡಿಸಿ ತಿದ್ದಿದೆ. ಅವಳು ಏಳನೇ ಚರಣದಲ್ಲಿ ಬೇಕೆಂದೇ ‘ನೆಗೆವ ವಧು’ ಎಂದು ಬರೆದಿದ್ದಾಳೆ.

"ತೆಗಿ ಇದನ್ನ."

"ತೆಗೆಯಲ್ಲ. ಈ ಸಲ ತಪ್ಪು ನಂದು, ನಿಂದಲ್ಲ. ನೀನು ಇರೋದನ್ನ ಇರೋ ಹಾಗೆ ಅಚ್ಚು ಹಾಕು."

ಅರ್ಧ ಗಂಟೆ ಜಗಳವಾಡಿದೆವು. ಸೋತೆ. ಈಚೆಗೆ ಸೋಲುವುದು ಅಷ್ಟು ಕಷ್ಟವಾಗುತ್ತಿಲ್ಲ, ರೂಢಿಯಾಗಿರಬೇಕು.

ಜೂನ್ 5, ಬುಧವಾರ

ಸಂವಿಧಾನದ ದಿನ, ಊರಿಗೆ ರಜೆ. ನಮಗೆ ಮುದ್ರಣ.

ಕಾಗದವನ್ನು ಎರಡು ದಿನ ಮುಂಚೆಯೇ ಪೊಟ್ಟಣ ಬಿಚ್ಚದೆ ಪ್ರಿಂಟರಿನ ಪಕ್ಕ ಇಟ್ಟಿದ್ದೆ. ಕೋಣೆಯ ಬಿಸುಪಿಗೆ ಅದೂ ಒಗ್ಗಬೇಕು, ತೇವ ಮಾತ್ರ ಕುಡಿಯಬಾರದು. ಹಾಕುವ ಮುನ್ನ ಅಂಚುಗಳನ್ನು ಬೀಸಣಿಗೆಯಂತೆ ಬಿಡಿಸಿದೆ. ಪ್ರಿಂಟರಿಗೆ ‘ದಪ್ಪ ಕಾಗದ’ ಎಂದು ಗುಂಡಿಯೊತ್ತಿ ತಿಳಿಸಿದೆ. ಹಾಗೆ ಹೇಳಿದರೆ ಅದು ನಿಧಾನವಾಗಿ, ಹೆಚ್ಚು ಬಿಸಿಯಲ್ಲಿ ಅಂಟಿಸುತ್ತದೆ. ಅದರ ಬೆನ್ನಿನ ಬಾಗಿಲು ತೆಗೆದಿಟ್ಟೆ, ಹಾಳೆ ಬಾಗದೆ ನೇರ ಹೊರಬರಲೆಂದು. ಒಂದು ಮಗ್ಗುಲು ಅಚ್ಚಾದವನ್ನು ತಣ್ಣಗಾಗಲು ಬಿಟ್ಟು, ಊಟವಾದ ಮೇಲೆ ಇನ್ನೊಂದು ಮಗ್ಗುಲು.

ಅರವತ್ತನಾಲ್ಕು. ಒಂದೂ ಸಿಕ್ಕಿಕೊಳ್ಳಲಿಲ್ಲ. ಕೊನೆಯದು ಹೊರಬಂದಾಗ ನಾನು ಪ್ರಿಂಟರಿನ ಬೆನ್ನು ತಟ್ಟಿದೆನಂತೆ. ಎಸ್ತರ್ ಹೇಳುತ್ತಾಳೆ, ನನಗೆ ನೆನಪಿಲ್ಲ.

ಮಡಿಸುವಾಗ ಮಾತ್ರ ಬೆರಳು ಗೆರೆಗೆ ಕೂರಲಿಲ್ಲ. ಎರಡು ಹಾಳೆ ಓರೆಯಾದವು. ನಾನು ಎದ್ದು ಕಿಟಕಿಯ ಹತ್ತಿರ ಹೋದೆ. ಸ್ವಲ್ಪ ಹೊತ್ತು ಬಂದರು ನೋಡುತ್ತ ನಿಂತೆ. ಹಿಂದಿರುಗಿದಾಗ ಎಸ್ತರ್ ಏನೂ ಆಗದವಳಂತೆ ಹಾಳೆಯ ಅಂಚುಗಳನ್ನು ಸರಿಹೊಂದಿಸಿ ಹಿಡಿದು, "ನಾನು ಹಿಡ್ಕೋತೀನಿ, ನೀನು ಮಡಿಕೆ ಒತ್ತೋ ಮೂಳೆಕಡ್ಡಿಯಿಂದ ಗೆರೆ ಎಳಿ" ಅಂದಳು. ಹಾಗೇ ಮುಗಿಸಿದೆವು. ಓರೆಯಾದ ಎರಡರ ಬದಲು ಬೇರೆ ಎರಡು ಅಚ್ಚುಹಾಕಿದೆ. ಎರಡೆರಡು ಸಲ ಎಣಿಸಿದೆ. ಸರಿಯಾಗಿ ಅರವತ್ತನಾಲ್ಕು.

ಜೂನ್ 14, ಶುಕ್ರವಾರ

ಪದ್ಧತಿಯಂತೆ ಬೆಳಗ್ಗೆ ಏಳಕ್ಕೆ ಐನಾರನ ಬಾಗಿಲಲ್ಲಿ ಎಲ್ಲರೂ ಸೇರಿದೆವು. ಸ್ಪ್ರೂಸ್ ಮರದ ಸೊಪ್ಪಿನ ಕಮಾನು, ನಡುವೆ ಚಿನ್ನದ ಬಣ್ಣದ 50. ಇಬ್ಬರು ತುತ್ತೂರಿ ಊದಿದರು. ಗಂಡಹೆಂಡತಿ ರಾತ್ರಿ ಉಡುಪಿನಲ್ಲಿ ಬಾಗಿಲಿಗೆ ಬಂದು ಆಶ್ಚರ್ಯಪಟ್ಟಂತೆ ನಟಿಸಿದರು. ಗುಡ್ರುನ್ ಮಾತ್ರ ಆಗಲೇ ತಲೆ ಬಾಚಿಕೊಂಡಿದ್ದಳು. ಆಮೇಲೆ ಬನ್ನು, ಚೀಸು, ಪುಟ್ಟ ಲೋಟಗಳಲ್ಲಿ ಕಹಿ ಮದ್ದಿನಂಥ ಮದ್ಯ.

ಪುಟ್ಟ ಲೋಟ ನನ್ನ ವೈರಿ. ಇಂಥ ಕೂಟಗಳಿಗೆ ನಾನು ಬಾರದಿರುವುದೇ ಅದಕ್ಕೆ. ಇವತ್ತು ಅರ್ಧ ಬಾಯಿಗೆ, ಅರ್ಧ ಅಂಗಿಗೆ. ಐನಾರ್ ನೋಡಿದ. ಅವನು ಎಪ್ಪತ್ತಾರರ ಮನುಷ್ಯ, ನಿವೃತ್ತ ಹಡಗು ಕಪ್ತಾನ.

"ಅಂಗಿಗೂ ಬಾಯಾರಿಕೆನಾ ಓರ್ಲಾ?"

"ಅದಕ್ಕೂ ವಯಸ್ಸಾಯ್ತು" ಅಂದೆ.

ಇನ್ನೊಂದು ಸುರಿದ. ಅಷ್ಟೇ. ಆಕಾಶ ಬೀಳಲಿಲ್ಲ.

ಜೂನ್ 15, ಶನಿವಾರ

ಇದನ್ನು ಉದ್ದಕ್ಕೆ ಬರೆಯಬೇಕು.

ಇವತ್ತು ಮಧ್ಯಾಹ್ನದ ಊಟ ಬಂದರಿನ ಪಕ್ಕದ ಛತ್ರದಲ್ಲಿ. ಎಸ್ತರ್ ಬೆಳಗ್ಗೆಯೇ ಹೋಗಿ ತಟ್ಟೆಗೊಂದರಂತೆ ಹಾಡಿನ ಹಾಳೆ ಇಟ್ಟಿದ್ದಳು. ಕೆನೆಬಣ್ಣದ ಮೇಲೆ ಕಪ್ಪು ಅಕ್ಷರ, ಮಡಿಕೆ ನೆಟ್ಟಗೆ. ಬಿಳಿ ಮೇಜುಬಟ್ಟೆಯ ಮೇಲೆ ಅವನ್ನು ಕಂಡಾಗ ಬಾಗಿಲಲ್ಲೇ ನಿಂತುಬಿಟ್ಟೆ. ಚೆನ್ನಾಗಿದ್ದವು. ಪೆಟ್ಟಿಗೆಯ ಬಗ್ಗೆ ಏಪ್ರಿಲಿನಲ್ಲಿ ಬರೆದದ್ದರಲ್ಲಿ ಒಂದೆರಡು ಮಾತು ಹಿಂದೆಗೆದುಕೊಳ್ಳಬೇಕು. ಎಲ್ಲವನ್ನೂ ಅಲ್ಲ.

ಸಾಸಿವೆ ಹಚ್ಚಿದ ಹೆರಿಂಗ್ ಮೀನು, ಹುರಿದ ಹಂದಿಮಾಂಸ, ಭಾಷಣಗಳು. ಯಾರೋ ಚಮಚೆಯಿಂದ ಲೋಟ ಬಡಿದಾಗಲೆಲ್ಲ ಐನಾರ್ ಮತ್ತು ಗುಡ್ರುನ್ ಕುರ್ಚಿ ಹತ್ತಿ ಮುತ್ತಿಡಬೇಕು. ನಾಲ್ಕನೇ ಸಲಕ್ಕೆ ಐನಾರ್ "ಮೊಣಕಾಲಿಗೆ ಕರುಣೆ ತೋರಿಸ್ರಪ್ಪಾ" ಎಂದು ಬೇಡಿಕೊಂಡ.

ಹಾಡಿಗೆ ಎಲ್ಲರೂ ಎದ್ದು ನಿಂತರು. ನಾನು ಕೂತೇ ಇರೋಣ ಎಂದುಕೊಂಡಿದ್ದೆ, ಕಾಲು ನೋವು ಎಂದು ನೆವ ಹೇಳಿ. ಆದರೆ ಅಚ್ಚುಹಾಕಿದವನೇ ಕೂತರೆ ಹೇಗೆ? ಎದ್ದು ಹಾಳೆ ಎತ್ತಿದೆ. ಸದ್ದು ಮಾಡಲಿಲ್ಲ ಅದು, ಲೆಕ್ಕಾಚಾರ ಸರಿಯಿತ್ತು. ಆದರೆ ಅಕ್ಷರಗಳು ಕುಣಿಯತೊಡಗಿದವು. ಮೊದಲ ಸಾಲೇ ಓದಲಾಗಲಿಲ್ಲ. ಕಾಗದದ ಎಲ್ಲ ಗುಣ ಪರೀಕ್ಷಿಸಿದ್ದೆ, ಓದುವವನ ಕೈಯನ್ನು ಮರೆತಿದ್ದೆ. ಹಾಳೆ ಕೆಳಗಿಳಿಸಿ ತುಟಿ ಮಾತ್ರ ಆಡಿಸಿದೆ.

ಆಗ ಪಕ್ಕದಲ್ಲಿದ್ದ ಎಸ್ತರ್ ನನ್ನ ತೋಳು ಮುಟ್ಟಿದಳು.

"ಓರ್ಲಾ, ನನಗೆ ಹಾಳೆ ಸಿಗ್ಲಿಲ್ಲ ಕಣೋ. ನಿಂದು ತೋರ್ಸು."

"ಸಿಗ್ಲಿಲ್ವಾ? ಅರವತ್ತನಾಲ್ಕಿತ್ತಲ್ಲ!"

"ಯಾರೋ ಎರಡು ತಗೊಂಡಿರ್ಬೇಕು. ತೋರ್ಸು, ಚರಣ ಹೋಗ್ತಾ ಇದೆ."

ಹಾಳೆಯ ಒಂದು ತುದಿ ಅವಳು ಹಿಡಿದಳು, ಇನ್ನೊಂದು ತುದಿ ನಾನು. ಅವಳ ಕೈ ದೊಡ್ಡದು, ಹಡಗಿನ ಅಲೆಯಲ್ಲಿ ಸಾರಿನ ಪಾತ್ರೆ ಹಿಡಿದು ನಿಂತ ಕೈ. ಹಾಳೆ ನಿಂತಿತು. ಅಕ್ಷರಗಳೂ ನಿಂತವು. ಉಳಿದ ಹತ್ತು ಚರಣವನ್ನೂ ಗಟ್ಟಿಯಾಗಿ ಹಾಡಿದೆ. ನನ್ನ ದನಿ ಇಷ್ಟು ದೊಡ್ಡದೆಂದು ನನಗೇ ತಿಳಿದಿರಲಿಲ್ಲ. ಏಳನೇ ಚರಣ ಬಂದಾಗ ಛತ್ರ ನಕ್ಕಿತು. ಗುಡ್ರುನ್ ಎಪ್ಪತ್ತಮೂರರ ವಯಸ್ಸಿನಲ್ಲಿ ಕುರ್ಚಿ ಹತ್ತಿ ಅಲ್ಲಿಂದ ನಿಜವಾಗಿಯೂ ನೆಗೆದಳು, ಐನಾರ್ ಅರ್ಧ ಹಿಡಿದ, ಇಬ್ಬರೂ ಬೀಳದೆ ಉಳಿದರು.

ಹಾಡು ಮುಗಿದು ಮೂರು ಸಲ ಜಯಕಾರ ಹಾಕಿದ ಮೇಲೂ ಎಸ್ತರ್ ತನ್ನ ತುದಿಯನ್ನು ಬಿಟ್ಟಿರಲಿಲ್ಲ. ನಾನೂ ಎಳೆದುಕೊಳ್ಳಲಿಲ್ಲ. ಎಳೆದರೆ ಕಾಗದ ಹರಿಯಬಹುದು.

ಜೂನ್ 17, ಸೋಮವಾರ

ಎರಡು ದಿನದಿಂದ ಒಂದು ವಿಷಯ ತಲೆ ತಿನ್ನುತ್ತಿದೆ. ನಾನು ಎಣಿಸಿದ್ದು ಸರಿಯಾಗಿತ್ತು. ಛತ್ರದಲ್ಲಿ ಯಾರ ಮುಂದೆಯೂ ಎರಡು ಹಾಳೆ ಕಾಣಲಿಲ್ಲ, ನೋಡಿದೆ. ಮೇಲಾಗಿ, ಹಾಡು ಮುಗಿದು ಕೂತ ಮೇಲೆ ಎಸ್ತರ್ ಕಣ್ಣೊರೆಸಿಕೊಳ್ಳಲು ಕೈಚೀಲದಿಂದ ಕರವಸ್ತ್ರ ತೆಗೆದಾಗ ಒಳಗೆ ಕೆನೆಬಣ್ಣದ ಮಡಿಸಿದ ಹಾಳೆಯೊಂದು ಇಣುಕಿತು. ನೂರಿಪ್ಪತ್ತು ಗ್ರಾಮಿನದು. ದೂರದಿಂದಲೇ ಗುರುತು ಹಿಡಿಯಬಲ್ಲೆ.

ಅಂದರೆ ಅವಳು ತನ್ನ ಹಾಳೆಯನ್ನು ಚೀಲಕ್ಕೆ ಹಾಕಿಕೊಂಡು, ಹಾಕಿಕೊಂಡದ್ದನ್ನೇ ಮರೆತಿದ್ದಾಳೆ. ಅಷ್ಟೇ ಅಲ್ಲ, ಹನ್ನೊಂದೂ ಚರಣ ತಾನೇ ಬರೆದದ್ದು, ಒಂದೂವರೆ ತಿಂಗಳಿನಿಂದ ನನ್ನ ಅಡುಗೆಮನೆಯಲ್ಲಿ ಬಾಯಿಪಾಠ ಹಾಡಿದ್ದು. ಅದಕ್ಕೂ ಹಾಳೆ ಬೇಕಾಯಿತೆಂದರೆ!

ಪಾಪ, ಅರವತ್ತಾರು ವರ್ಷಕ್ಕೇ ಇಷ್ಟು ಮರೆವು. ಒಂಟಿಯಾಗಿ ಬೇರೆ ಇರುವವಳು. ಅವಳ ಮನಸ್ಸಿಗೆ ನೋವಾಗದಂತೆ ಯಾರಾದರೂ ಅವಳನ್ನು ಗಮನಿಸುತ್ತಿರಬೇಕು. ಅಕ್ಕಪಕ್ಕದವರಲ್ಲಿ ಬಿಡುವಾಗಿರುವವನು ನಾನೊಬ್ಬನೇ. ನಾಳೆ ಬೆಳಗಿನ ಕಾಫಿಯಿಂದಲೇ ಶುರುಮಾಡುತ್ತೇನೆ.